ನಾನೂರ ಹನ್ನೆರಡನೆಯ ತಲೆ

ಗಂಡನ ಗೆಳೆಯ ವರ್ನ್ ಡೋಬ್ಸನ್ ಓಟು ಹಾಕಿದವರ ಪಟ್ಟಿಯನ್ನು 'ಎ' ಅಕ್ಷರದಿಂದ ಓದಲು ಶುರುಮಾಡಿದಾಗ ಲೊರೀನ್ ಅಡುಗೆಮನೆಯ ಕಟ್ಟೆಯ ಮೇಲೆ ಬನ್ನಿನ ಹಿಟ್ಟು ನಾದುತ್ತಿದ್ದಳು. ಅವಳ ಗಂಡನ ಮನೆತನದ ಹೆಸರು ವೀಲಂಡ್. ಅದು ಬರುವುದು 'ಡಬ್ಲ್ಯು'ನಲ್ಲಿ. ಒಟ್ಟು ನಾನೂರ ಹನ್ನೆರಡು ಹೆಸರು. ಒಂದೊಂದಕ್ಕೂ ವರ್ನ್ ಮತ್ತು ಅವಳ ಗಂಡ ಮಾಡುವ ಟೀಕೆ ಟಿಪ್ಪಣಿ ಸೇರಿಸಿದರೆ ಊಟದ ಹೊತ್ತಿನವರೆಗೆ ತನಗೆ ಆಯುಸ್ಸು ಇದೆ ಎಂದು ಅವಳು ಅಂದಾಜು ಮಾಡಿದಳು. ಮದುವೆಯಾಗಿ ನಲವತ್ತೊಂದು ವರ್ಷಗಳಲ್ಲಿ, ಗಂಡನ ಹೆಸರು ಅಕ್ಷರಮಾಲೆಯ ಬಾಲದಲ್ಲಿರುವುದು ಒಂದು ಉಪಕಾರ ಎಂದು ಅನಿಸಿದ್ದು ಇದೇ ಮೊದಲು. ಶಾಲೆಗೆ ಹೋಗುವಾಗ ಮಗಳು ಗೊಣಗುತ್ತಿದ್ದಳು, ಎಲ್ಲದಕ್ಕೂ ನನ್ನನ್ನು ಕೊನೆಗೇ ಕರೀತಾರೆ ಎಂದು. ಈಗ ಲೊರೀನ್‌ಗೆ ಕೊನೆಗೆ ಕರೆಯುವುದೇ ಬೇಕಾಗಿತ್ತು. ಕರೆಯದೇ ಹೋದರೆ ಇನ್ನೂ ಒಳ್ಳೆಯದು. ಹಿಟ್ಟು ಆಗಲೇ ಸಾಕಷ್ಟು ಹದಕ್ಕೆ ಬಂದಿತ್ತು. ಅವಳು ನಾದುತ್ತಲೇ ಇದ್ದಳು.

ಮೇಜಿನ ಆ ಕಡೆ ಅವಳ ಗಂಡ ಡೆಲ್ ಕೆಂಪು ಪೆನ್ಸಿಲ್ ಹಿಡಿದು ಕೂತಿದ್ದ. ಎಪ್ಪತ್ತೊಂದು ವರ್ಷದ ಮುದುಕ, ಹೊರಗೆ ಪೇರ್ ತೋಟದಲ್ಲಿ ಫೆಬ್ರುವರಿಯ ಕೊಂಬೆ ಸವರುವ ಕೆಲಸ ಅರ್ಧಕ್ಕೆ ನಿಂತಿದೆ, ಏಣಿ ಮರಕ್ಕೆ ಒರಗಿಸಿದ ಹಾಗೇ ಹಿಮ ಹೊದ್ದುಕೊಂಡಿದೆ, ಇವನು ಮಾತ್ರ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವ ಮೇಷ್ಟರ ಹಾಗೆ ಗಂಭೀರ. ಯಾರು ಓಟು ಹಾಕಿದರು ಎಂಬುದು ಈ ರಾಜ್ಯದಲ್ಲಿ ಯಾರು ಬೇಕಾದರೂ ಚುನಾವಣಾ ಕಚೇರಿಯಲ್ಲಿ ಕೇಳಿ ಪಡೆಯಬಹುದಾದ ಸಂಗತಿ; ಏನೆಂದು ಹಾಕಿದರು ಎಂಬುದು ಮಾತ್ರ ಗುಟ್ಟು. ಆ ಪಟ್ಟಿಯನ್ನು ವರ್ನ್ ನಿನ್ನೆ ತರಿಸಿಕೊಂಡಿದ್ದ. ಟ್ಯಾಮರಾಕ್ ಕಣಿವೆಗೆ ಒಂದು ಆಂಬ್ಯುಲೆನ್ಸ್ ಠಾಣೆ ಕಟ್ಟಲು, ಅದಕ್ಕಾಗಿ ಮನೆ ಜಮೀನುಗಳ ಮೇಲೆ ಇಪ್ಪತ್ತು ವರ್ಷ ತೆರಿಗೆ ಎತ್ತಲು ಜನರ ಒಪ್ಪಿಗೆ ಕೇಳಿದ್ದರು. ಒಪ್ಪಿಗೆ ಸಿಕ್ಕಿಬಿಟ್ಟಿತ್ತು. ಇವರಿಬ್ಬರೂ ಸೋತಿದ್ದರು. ಸೋತವರಿಗೆ ಸೋಲಿಸಿದವನ ಹೆಸರು ಬೇಕಿತ್ತು.

"ಆಬರ್ಗ್, ಇಬ್ಬರೂ," ಎಂದ ವರ್ನ್.

"ಅವರು ಬೇಕು ಅಂದೋರು. ಬಿಡು."

"ಆಶ್‌ಕ್ರಾಫ್ಟ್, ರಾಯ್."

ಡೆಲ್‌ನ ಪೆನ್ಸಿಲ್ ನಿಂತಿತು. "ರಾಯ್? ಎರಡು ಸಲ ಫೋನ್ ಮಾಡಿ ಹೇಳಿದೀನಿ ಕಣೋ ಅವನಿಗೆ, ಮನೇಲಿ ಕೂತ್ಕೋ, ಏನೂ ಮಾಡ್ಬೇಡ ಅಂತ. ಏನೂ ಮಾಡದೆ ಇರೋಕೂ ಬರಲ್ವಾ ಆ ಮನುಷ್ಯನಿಗೆ?"

"ಅದೊಂದೇ ಅವನಿಗೆ ಬರ್ತಾ ಇದ್ದಿದ್ದು," ಎಂದ ವರ್ನ್. ಇಬ್ಬರೂ ನಕ್ಕರು. ರಾಯ್ ಆಶ್‌ಕ್ರಾಫ್ಟ್‌ನ ಹೆಸರಿನ ಸುತ್ತ ಕೆಂಪು ಸೊನ್ನೆ ಬಿತ್ತು.

ಬೇಡ ಎಂದು ಓಟು ಹಾಕಿದ್ದೇ ರಾಯ್‌ನ ಅಪರಾಧ. ಇದು ಲೊರೀನ್‌ಗೆ ಮೊದಮೊದಲು ತಲೆಗೆ ಹತ್ತಿರಲಿಲ್ಲ. ಜನವರಿಯಲ್ಲಿ ಡೆಲ್ಲೇ ತಾನೇ ಮರದ ಹಲಗೆಗಳಿಗೆ ಕೆಂಪು ಬಣ್ಣದಲ್ಲಿ 'ಬೇಡ' ಎಂದು ಬರೆದು ಕಣಿವೆಯ ಪ್ರತಿ ತಿರುವಿನಲ್ಲೂ ನೆಟ್ಟು ಬಂದವನು. ಗೋದಾಮಿನಲ್ಲಿ ಮೂರು ದಿನ ಬಣ್ಣದ ವಾಸನೆ. ಈ ತೆರಿಗೆ ಗೆಲ್ಲಬೇಕಾದರೆ ನೂರಕ್ಕೆ ಅರವತ್ತು ಜನ ಬೇಕು ಅನ್ನಬೇಕು. ಠಾಣೆಗಾಗಿ ಓಡಾಡುತ್ತಿದ್ದ ಸ್ವಯಂಸೇವಕರ ಪಡೆಯ ಮಾರ್ಜ್ ಕಿಟ್ರೆಲ್ ಅಂಚೆ ಕಚೇರಿಯ ಮುಂದೆ ಸಿಕ್ಕಾಗ ಹೊಟ್ಟೆ ಉರಿದುಕೊಂಡು ಹೇಳಿದ್ದಳು, "ಗವರ್ನರ್ ಆಗೋಕೆ ಐವತ್ತರ ಮೇಲೆ ಒಂದು ಓಟು ಸಾಕು ಲೊರೀನ್, ನಮ್ಮ ಆಂಬ್ಯುಲೆನ್ಸ್ ನಿಲ್ಸೋಕೆ ಒಂದು ಸೂರಿಗೆ ಫಸ್ಟ್ ಕ್ಲಾಸೇ ಬರ್ಬೇಕಂತೆ." ಹಾಗಿದ್ದೂ 'ಬೇಡ' ಗೆಲ್ಲುತ್ತದೆ ಎಂಬ ನಂಬಿಕೆ ಡೆಲ್‌ಗೆ ಇರಲಿಲ್ಲ. ಆಮೇಲೆ ಒಂದು ದಿನ ರೈತರ ಸಭಾಂಗಣದಲ್ಲಿ ಯಾರೋ ನಿವೃತ್ತ ಮೇಷ್ಟರೊಬ್ಬರು ಕಾನೂನಿನ ಇನ್ನೊಂದು ಸಾಲನ್ನು ಓದಿ ಹೇಳಿದರು. ಅಂದಿನಿಂದ ಡೆಲ್ ಬೇರೆಯೇ ಮನುಷ್ಯನಾದ. ಹಲಗೆಗಳನ್ನೆಲ್ಲ ಕಿತ್ತು ತಂದ. ಫೋನಿನ ಮುಂದೆ ಕೂತು ಒಂದೇ ಪಾಠವನ್ನು ಹದಿನೈದು ಮನೆಗಳಿಗೆ ಹೇಳಿದ: "ಕೇಳಿಲ್ಲಿ. ಹೋದ ನವೆಂಬರ್‌ನಲ್ಲಿ ನಮ್ಮ ಕಣಿವೇಲಿ ಸಾವಿರದ ಮೂವತ್ತು ಜನ ಓಟು ಹಾಕಿದಾರೆ. ಅದರಲ್ಲಿ ನೂರಕ್ಕೆ ನಲವತ್ತು ಅಂದ್ರೆ ನಾನೂರ ಹನ್ನೆರಡು. ಈ ಸಲ ಅಷ್ಟು ತಲೆ ಓಟು ಹಾಕ್ಲಿಲ್ಲ ಅಂದ್ರೆ ಅವರ ಅರವತ್ತೂ ನೀರಲ್ಲಿ ಹೋಮ. ನೀನು ಬೇಡ ಅಂತ ಹಾಕಿದ್ರೂ ತಲೆ ಲೆಕ್ಕಕ್ಕೆ ಒಂದು ತಲೆ ಸೇರತ್ತೆ. ಬೇಡ ಅನ್ನೋನು ಬೇಡ ಅಂತಾನೂ ಅನ್ಬಾರದು, ತಿಳೀತಾ? ಮನೆಗೆ ಬಂದಿರೋ ಓಟಿನ ಲಕೋಟೆ ಒಲೆಗೆ ಹಾಕು." ಪಾತ್ರೆ ತೊಳೆಯುತ್ತ, ಬಟ್ಟೆ ಮಡಿಸುತ್ತ, ಅವಳು ಹದಿನೈದು ಸಲವೂ ಆ ಪಾಠ ಕೇಳಿದ್ದಳು. ಅವಳಿಗೆ ಯಾರೂ ಹೇಳಿಕೊಡಬೇಕೆಂದು ಹೇಳಿಕೊಟ್ಟದ್ದಲ್ಲ. ಆದರೆ ಇಡೀ ಕಣಿವೆಯಲ್ಲಿ ಅವನ ಪಾಠವನ್ನು ಸರಿಯಾಗಿ ಕಲಿತ ವಿದ್ಯಾರ್ಥಿ ಅವಳೊಬ್ಬಳೇ ಆಗಿಬಿಟ್ಟಳು.

ಓಟು ಹಾಕಿದವರು ನಾನೂರ ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೇಕು ಎಂದವರು ಇನ್ನೂರ ಐವತ್ತೊಂದು, ಬೇಡ ಎಂದವರು ನೂರ ಅರವತ್ತೊಂದು. ಆ ನೂರ ಅರವತ್ತೊಂದರಲ್ಲಿ ಒಬ್ಬನೇ ಒಬ್ಬ ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಸಾಕಿತ್ತು. ಅಂಗಡಿಯಲ್ಲಿ, ಚರ್ಚಿನ ಕಾಫಿಯಲ್ಲಿ, ಎಲ್ಲ ಕಡೆ ಅದೇ ಮಾತು: ಯಾರಪ್ಪಾ ಆ ಪುಣ್ಯಾತ್ಮ?

"ಕಾಫಿ ಇದೆಯೇನೇ?" ಎಂದು ಕೇಳಿದ ಡೆಲ್. ಓದುವಿಕೆ 'ಡಿ'ಗೆ ಬಂದಿತ್ತು. ತನ್ನ ಹೆಸರು ಪಟ್ಟಿಯಲ್ಲಿ ಇಲ್ಲದ್ದನ್ನು ವರ್ನ್ ಎರಡು ಸಲ ಗಟ್ಟಿಯಾಗಿ ಓದಿ ತೋರಿಸಿದ: ಡಿಟ್‌ಮರ್ ಆದಮೇಲೆ ನೇರ ಡ್ರೇಕ್. ನಡುವೆ ಡೋಬ್ಸನ್ ಎಂಬ ಪ್ರಾಣಿ ಇಲ್ಲ. ಇಲ್ಲದ ಹೆಸರಿನ ಬಗ್ಗೆ ಮನುಷ್ಯ ಇಷ್ಟೊಂದು ಬೀಗಬಹುದು ಎಂದು ಲೊರೀನ್‌ಗೆ ಗೊತ್ತಿರಲಿಲ್ಲ. ಅವಳು ಕೈ ಒರೆಸಿಕೊಂಡು ಕಾಫಿ ಬಗ್ಗಿಸಿದಳು. ಬಗ್ಗಿಸುವಾಗ ಆ ಹಾಳೆಗಳನ್ನು ನೋಡಿದಳು. ಒಂಬತ್ತು ಹಾಳೆ, ಮೂಲೆಯಲ್ಲಿ ಒಂದು ಪಿನ್ನು. ಕೈ ಸ್ವಲ್ಪ ನಡುಗಿದರೆ ಸಾಕು, ಬಿಸಿ ಕಾಫಿ ಒಂಬತ್ತಕ್ಕೂ ಇಳಿದು ಅಕ್ಷರ ಕಲಸಿಹೋಗುತ್ತದೆ, ಅಯ್ಯೋ ಎಂದರಾಯಿತು. ಮುದುಕಿಯರ ಕೈ ನಡುಗುತ್ತದೆ, ಯಾರೂ ತಪ್ಪು ತಿಳಿಯುವುದಿಲ್ಲ. ಅವಳ ಕೈ ನಡುಗಲಿಲ್ಲ. ಎರಡು ಲೋಟಕ್ಕೂ ಒಂದೇ ಮಟ್ಟಕ್ಕೆ ಒಂದು ಹನಿ ಚೆಲ್ಲದೆ ಬಗ್ಗಿಸಿ ವಾಪಸು ಬಂದು, ಈ ಅಚ್ಚುಕಟ್ಟುತನದ ಮೇಲೆ ಅವಳಿಗೇ ಸಿಟ್ಟು ಬಂತು. ಅಷ್ಟಕ್ಕೂ ವರ್ನ್ ಇನ್ನೊಂದು ಪ್ರತಿ ತರಿಸಿಕೊಳ್ಳುತ್ತಿದ್ದ. ಅವನಿಗೆ ಬೇರೆ ಏನು ಕೆಲಸ.

ಹೋದ ಆಗಸ್ಟಿನಲ್ಲೂ ಹೀಗೆಯೇ ಕೈ ನಡುಗಿರಲಿಲ್ಲ. ತೋಟದ ಏಳನೆಯ ಸಾಲು, ಮಧ್ಯಾಹ್ನ ಎರಡು ಗಂಟೆ, ಊಟಕ್ಕೆ ಕರೆಯಲು ಹೋದವಳಿಗೆ ಕಂಡದ್ದು ನೆರಳಿನಲ್ಲಿ ಮಲಗಿದ ಹಾಗೆ ಬಿದ್ದಿದ್ದ ಡೆಲ್. ಬಾಯಿಯ ಸುತ್ತ ಬೂದಿ ಬಣ್ಣ. ಎದೆಯ ಮೇಲೆ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿದ್ದಾರೆ, ತೆಗಿಯೋಕೆ ಹೇಳು ಎಂದ. ಮನೆಗೆ ಓಡಿ ಆಂಬ್ಯುಲೆನ್ಸಿಗೆ ಮಾಡಿದ ಫೋನಿನಲ್ಲಿ ಸಿಕ್ಕ ಹುಡುಗಿಯ ದನಿ ತುಂಬ ಮೃದು: ಗಾಡಿ ಹೊರಟಿದೆ ಅಮ್ಮ, ಮೂವತ್ತೆಂಟು ಮೈಲಿ ಇದೆ, ಘಾಟಿ ದಾಟಿ ಬರಬೇಕು, ಅವರನ್ನು ಅಲುಗಾಡಿಸಬೇಡಿ. ಅವಳು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಎಷ್ಟೋ ಹೊತ್ತಿನ ಮೇಲೆ ಅವನು ತನ್ನ ಪ್ಯಾಂಟಿನ ಕಡೆ ಕಣ್ಣು ತೋರಿಸಿ, "ಲೊರೀನ್, ಅವರು ನೋಡ್ಬಾರದು," ಎಂದ. ಒದ್ದೆಯಾಗಿತ್ತು. ಅವಳು ಮತ್ತೆ ಮನೆಗೆ ಓಡಿದಳು, ಒಗೆದ ಪ್ಯಾಂಟು ತಂದಳು, ಅಲುಗಾಡಿಸಬೇಡಿ ಎಂದವರ ಮಾತು ಕಿವಿಯಲ್ಲಿ ಇದ್ದಂತೆಯೇ ಅವನನ್ನು ಆ ಕಡೆ ಈ ಕಡೆ ಹೊರಳಿಸಿ ಬದಲಾಯಿಸಿದಳು, ಬೆಲ್ಟು ಕೂಡ ಹಾಕಿದಳು. ಹೊರಳಿಸುವಾಗ ಅವನು ಮಾಡಿದ ಸದ್ದು ಅವಳ ಮೈಯಲ್ಲಿ ಈಗಲೂ ಎಲ್ಲೋ ಉಳಿದಿದೆ. ಐವತ್ತೆರಡು ನಿಮಿಷಕ್ಕೆ ಗಾಡಿ ಬಂತು. ಬಂದ ಹುಡುಗರು ನೋಡಿದ್ದು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಬಿದ್ದಿದ್ದ ಮರ್ಯಾದಸ್ಥ ಮನುಷ್ಯನನ್ನು. ಆಸ್ಪತ್ರೆಯಲ್ಲಿ ಆರು ದಿನ. ಬದುಕಿದ. ಬದುಕಿ ಬಂದವನು ಊರಿಗೆಲ್ಲ ಹೇಳಿದ್ದು ಬಿಸಿಲು ತಲೆಗೆ ಹತ್ತಿತ್ತು ಎಂದು. ಪ್ಯಾಂಟಿನ ಸುದ್ದಿ ಅವರಿಬ್ಬರ ನಡುವೆಯೂ ಬರಲಿಲ್ಲ. ಚುನಾವಣೆಯ ಸಭೆಯಲ್ಲಿ ಅದೇ ಬಾಯಿ ಹೇಳಿತು: "ಆಂಬ್ಯುಲೆನ್ಸ್ ಬರೋವರೆಗೂ ಬದುಕಿರೋನಿಗೆ ಅದು ಬೇಕಾಗಿಲ್ಲ, ಬದುಕಿಲ್ಲದೋನಿಗೂ ಬೇಕಾಗಿಲ್ಲ. ಮತ್ಯಾರಿಗೆ ಈ ಠಾಣೆ?" ಜನ ಗೊಳ್ಳೆಂದು ನಕ್ಕರು. ಲೊರೀನ್ ಕೂಡ ನಕ್ಕಳು, ಏಕೆಂದರೆ ಪಕ್ಕದವಳು ತನ್ನ ಮುಖ ನೋಡುತ್ತಿದ್ದಳು. ಆ ನಗು ಅವಳಿಗೆ ಎರಡು ದಿನ ಹುಳಿತೇಗಿನ ಹಾಗೆ ಬರುತ್ತಿತ್ತು. ಮತ್ಯಾರಿಗೆ? ನನಗೆ ಕಣೋ, ಎಂದು ಹೇಳಬೇಕಿತ್ತು. ಆ ಐವತ್ತೆರಡು ನಿಮಿಷ ಕೂತವಳು ನಾನು. ಇನ್ನೊಂದು ಸಲ ಹಾಗೆ ಕೂರಲು ನನ್ನಿಂದಾಗದು.

"ಹೆಲ್ವಿಗ್, ಮೂರೂ ಜನ," ಎಂದ ವರ್ನ್. "ಇವರು ಮೂರೂ ನಮ್ಮೋರೇ."

"ಮೂರಾ! ಇವರು ನಾನು ಬರ್ದ ಚೀಟಿ ಓದ್ಲಿಲ್ವೇನೋ? ಅವರ ಮನೆ ಮುಂದಿನ ಅಂಚೆ ಡಬ್ಬಿಗೆ ನಾನೇ ಹಾಕಿ ಬಂದಿದ್ದೆ."

"ನೀನು ಮೊದಲು ಬೇಡ ಅನ್ನಿ ಅಂದೆ, ಆಮೇಲೆ ಬೇಡ ಅನ್ಬೇಡಿ ಅಂದೆ. ಪಾಪ, ಮುದುಕರಿಗೆ ಗಲಿಬಿಲಿ ಆಗಿರತ್ತೆ."

"ಅಂದ್ರೆ ತಪ್ಪು ನಂದಾ?"

"ನಾನು ಹಾಗಂದ್ನಾ?" ಎಂದ ವರ್ನ್, ಹಾಗೆಯೇ ಅಂದವನ ದನಿಯಲ್ಲಿ.

ಬನ್ನುಗಳು ಉಬ್ಬಲು ಒಲೆಯ ಹತ್ತಿರ ಕೂತವು. ಅದೇ ಸೌದೆ ಒಲೆ. ಜನವರಿಯ ಕೊನೆಯಲ್ಲಿ, ಅಂಚೆಯಲ್ಲಿ ಮನೆಗೇ ಬಂದ ಎರಡು ಓಟಿನ ಲಕೋಟೆಗಳು ಫ್ರಿಜ್ಜಿನ ಮೇಲೆ ಬಿದ್ದಿದ್ದವು. ಡೆಲ್ ತನ್ನದನ್ನು ಬಂದ ದಿನವೇ ತುಂಬಿ, 'ಬೇಡ'ದ ಮುಂದಿನ ಗುಂಡಿಯನ್ನು ಕಾಗದ ತೂತಾಗುವಷ್ಟು ಒತ್ತಿ ಕಪ್ಪು ಮಾಡಿ, ಅಂಟಿಸಿ, ದೊಡ್ಡದಾಗಿ ಸಹಿ ಹಾಕಿಟ್ಟಿದ್ದ. ಹಲಗೆಗಳನ್ನು ಕಿತ್ತು ತಂದ ಸಂಜೆ ಅವೆರಡನ್ನೂ ಅವಳ ಕೈಗೆ ಕೊಟ್ಟು, "ಒಲೆಗೆ ಹಾಕೇ," ಎಂದ. ಎರಡನ್ನೂ. ಅವಳದ್ದನ್ನು ಅವಳು ಇನ್ನೂ ಬಿಡಿಸಿಯೇ ಇರಲಿಲ್ಲ. ನಿಂದು ಏನು ಮಾಡ್ತೀಯ ಎಂದು ಕೇಳಬೇಕು ಎಂದು ಕೂಡ ಅವನಿಗೆ ಹೊಳೆಯಲಿಲ್ಲ. ಅವಳು ಒಲೆಯ ಬಾಗಿಲು ತೆಗೆದಳು. ಬೆಂಕಿಯ ಶಾಖ ಮುಖಕ್ಕೆ ಬಡಿಯಿತು. ಹಾಕುವವಳೇ ಇದ್ದಳು, ಆಣೆಯಾಗಿ. ಅವನು ಹೇಳಿದ ಎಷ್ಟೋ ವಸ್ತುಗಳನ್ನು ಅವಳು ಹಾಕಿದ್ದಾಳೆ. ಆದರೆ ಆ ಹೊತ್ತಿಗೆ ಫೋನಿನಲ್ಲಿ ಹದಿನೈದನೆಯ ಸಲ ಪಾಠ ಶುರುವಾಯಿತು, ಬೇಡ ಅಂತ ಹಾಕಿದ್ರೂ ಒಂದು ತಲೆ ಸೇರತ್ತೆ ಕಣೋ ಎಂದು, ಮತ್ತು ಲಕೋಟೆಗಳು ತಮ್ಮ ಪಾಡಿಗೆ ತಾವು ಏಪ್ರನ್ನಿನ ಜೇಬಿಗೆ ಹೋದವು. ಒಲೆಯ ಬಾಗಿಲು ಮುಚ್ಚುವ ಸದ್ದು ಕೇಳಿ ಅವನು ಒಳ್ಳೆಯದು ಎಂಬಂತೆ ಕೈ ಆಡಿಸಿದ.

ಮರುದಿನ ಹಿಮ ಸುರಿಯುತ್ತಿತ್ತು. ಯೀಸ್ಟ್ ಮುಗಿದಿದೆ ಎಂದು ಹೇಳಿ ಅವಳು ಗಾಡಿ ತೆಗೆದುಕೊಂಡು ಹೊರಟಳು. ಹನ್ನೊಂದು ಮೈಲಿ, ಚಕ್ರಕ್ಕೆ ಸರಪಳಿ ಕಟ್ಟಿರಲಿಲ್ಲ, ಸೇತುವೆಯ ಹತ್ತಿರ ಒಮ್ಮೆ ಜಾರಿತು. ಲೈಬ್ರರಿಯ ಮುಂದೆ, ತುಂಬಿದ ಲಕೋಟೆ ಹಾಕುವ ಓಟಿನ ಡಬ್ಬಿ. ಗಾಡಿಯಲ್ಲೇ ಕೂತು, ಸ್ಟಿಯರಿಂಗ್ ಮೇಲೆ ಕಾಗದ ಇಟ್ಟುಕೊಂಡು ತನ್ನದನ್ನು ತುಂಬಿದಳು: ಬೇಕು. ಇದರಲ್ಲಿ ಅವಳಿಗೆ ಯಾವ ವಿಶೇಷವೂ ಅನಿಸಲಿಲ್ಲ, ದಿನಸಿ ಚೀಟಿ ಬರೆದ ಹಾಗಿತ್ತು. ಆಮೇಲೆ ಅವನ ಲಕೋಟೆ ಕೈಗೆ ತೆಗೆದುಕೊಂಡಳು. ಇದು ಮೋಸವೇ? ಅವಳು ಅವನ ಒಂದು ಅಕ್ಷರ ತಿದ್ದಿರಲಿಲ್ಲ. ಸಹಿ ಅವನದು, ಬೇಡ ಅವನದು. ಗಂಡನ ಕಾಗದವನ್ನು ಡಬ್ಬಿಗೆ ಹಾಕುವುದು ಹೆಂಡತಿ ಮಾಡುವ ಕೆಲಸವೇ ತಾನೇ? ಹೀಗೆ ತನ್ನ ಪರ ತಾನೇ ವಕೀಲಿ ಮಾಡಿಕೊಂಡಳು, ಮಾಡಿಕೊಳ್ಳುತ್ತಿರುವಾಗಲೇ ಇದು ಅಪ್ಪಟ ಮೋಸ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬಿಯ ಬಾಯಿಯಲ್ಲಿ ಲಕೋಟೆ ಅರ್ಧ ಹೋಗಿ ನಿಂತಿತು. ಒಂದು ಬೆರಳಿನಿಂದ ತಳ್ಳಿದಳು. ಒಳಗೆ ಬಿದ್ದ ಸದ್ದು ಕೇಳಿದಾಗ ಅವಳಿಗೆ ನಗು ಬಂತು, ಒಬ್ಬಳೇ ಹಿಮದಲ್ಲಿ ನಿಂತು ಬಾಯಿಗೆ ಕೈಗವುಸು ಅಡ್ಡ ಇಟ್ಟುಕೊಂಡು ನಕ್ಕಳು. ಅಷ್ಟು ಸಂತೋಷ ಅವಳಿಗೆ ಎಷ್ಟು ವರ್ಷಗಳಿಂದ ಆಗಿರಲಿಲ್ಲವೋ. ಯೀಸ್ಟ್ ತರುವುದು ಮರೆತಳು, ವಾಪಸು ಹೋಗಿ ತಂದಳು.

ಒಂದು ತಲೆಯಿಂದ ಏನಾದೀತು ಎಂದುಕೊಂಡಿದ್ದಳು. ಅದೇ ಅವಳ ತಪ್ಪು ಲೆಕ್ಕ. ಮುನ್ನೂರೋ ಐನೂರೋ ಬರುತ್ತದೆ, ಯಾವುದಾದರೂ ಆಗಲಿ, ನನ್ನ ಕೈಲಾದದ್ದು ಮಾಡಿದೆ ಎಂದು ಮರೆತುಬಿಡಬಹುದಾದ ಪಾಪವಾಗಿತ್ತು ಅದು. ಈಗ ನೋಡಿದರೆ ಠಾಣೆಯ ಇಡೀ ಭಾರ ಆ ಒಂದು ಲಕೋಟೆಯ ಮೇಲೆ ಕೂತಿದೆ. ದೇವರಿಗೆ ಇಷ್ಟು ಕರಾರುವಾಕ್ಕಾಗಿ ಇರಬೇಕಾದ ಅಗತ್ಯವೇನಿತ್ತು?

'ಎಂ' ಮುಗಿಯಿತು. 'ಪಿ' ಮುಗಿಯಿತು. 'ಎಸ್' ಕಣಿವೆಯಲ್ಲಿ ಯಾವಾಗಲೂ ದೊಡ್ಡದು, ಅಷ್ಟೂ ಜನ ಸ್ವೀಡನ್ನಿನಿಂದ ಬಂದವರ ಮೊಮ್ಮಕ್ಕಳು. ಅದರಲ್ಲಿ ಹದಿಮೂರು ಕೆಂಪು ಸೊನ್ನೆ. ಬನ್ನು ಒಲೆಯೊಳಗೆ ಹೋಗಿ ಮನೆಯೆಲ್ಲ ಚಕ್ಕೆ ಸಕ್ಕರೆಯ ಪರಿಮಳ. ವರ್ನ್ ಮೂಗರಳಿಸಿ, "ನಿಮ್ಮ ಕೈಯ ಬನ್ನು ತಿನ್ನೋಕೇ ನಾನು ಈ ಪಟ್ಟಿ ನೆಪ ಮಾಡ್ಕೊಂಡು ಬಂದಿದ್ದು ಲೊರೀನ್," ಎಂದ. "ಗೊತ್ತು ಬಿಡಿ," ಎಂದಳು ಅವಳು. ಅವಳ ದನಿ ಅವಳಿಗೇ ಬೇರೆ ಯಾರದೋ ಎನ್ನಿಸಿತು. ಹೊರಗೆ ಹೋಗಿಬಿಡಬೇಕು, ಕೋಳಿಗೆ ನೀರು ಇಡಬೇಕು ಎಂದು ಒಂದು ಕಾಲು ಹೇಳಿತು. ಇನ್ನೊಂದು ಕಾಲು ಕದಲಲಿಲ್ಲ. ಇಷ್ಟು ವರ್ಷ ಈ ಅಡುಗೆಮನೆಯಲ್ಲಿ ಏನೇ ಆಗುವಾಗಲೂ ಅವಳು ಇದ್ದಳು, ಯಾರಿಗೂ ಕಾಣದ ಹಾಗೆ. ತನ್ನ ತಲೆ ಹಾರುವ ದೃಶ್ಯವನ್ನೂ ನೋಡದೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

"ವಾರ್ನಕೆ. ವೆಲ್ಶ್. ವೀಲಂಡ್, ಡೆಲ್ಬರ್ಟ್ ಜೆ.," ಎಂದು ವರ್ನ್ ಒಂದೇ ಉಸಿರಿನಲ್ಲಿ ಓದಿದ. ಓದಿದ ಮೇಲೆ ಬಾಯಿ ತೆರೆದೇ ಉಳಿಯಿತು.

"ಹುಡುಗಾಟ ಸಾಕು," ಎಂದ ಡೆಲ್. "ಮುಂದೆ ಓದು."

"ಓದಿದ್ದು ನಾನಲ್ಲ ಕಣೋ, ಇಲ್ಲಿ ಬರ್ದಿದೆ."

ಡೆಲ್ ಹಾಳೆ ಕಸಿದುಕೊಂಡ. ಕನ್ನಡಕ ಹಣೆಗೆ ಏರಿಸಿ ನೋಡಿದ, ಇಳಿಸಿ ನೋಡಿದ. ಅವನ ಕತ್ತಿನ ಹಿಂಭಾಗ ಮೆಲ್ಲಗೆ ಕೆಂಪಾಗುವುದು ಲೊರೀನ್‌ಗೆ ಕಂಡಿತು. ಎದೆ, ಎಂದುಕೊಂಡಳು ಅವಳು, ಅವನ ಎದೆ. ಮೊದಲು ಬಂದದ್ದು ಅದೇ ಯೋಚನೆ, ಅದಕ್ಕೆ ಅವಳು ಆಮೇಲೂ ನಾಚಲಿಲ್ಲ.

ವರ್ನ್‌ಗೆ ಅಷ್ಟರಲ್ಲಿ ಬೆಳಕು ಹೊಳೆದಿತ್ತು. ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಡೆಲ್! ನೀನು ಹಾಕಿಲ್ಲ ತಾನೇ? ಹಾಕಿಲ್ಲ! ಒಲೆಗೆ ಹಾಕಿಸ್ದೆ ಅಂತ ನೀನೇ ಹೇಳಿದ್ಯಲ್ಲ. ಅಂದ್ರೆ ಯಾರೋ ಕದ್ದು ಹಾಕಿದಾರೆ. ಇದು ಲಾಟರಿ ಕಣೋ ನಮಗೆ! ಶುಕ್ರವಾರ ಲೆಕ್ಕಕ್ಕೆ ಮುದ್ರೆ ಒತ್ತಾರೆ. ಅಷ್ಟರೊಳಗೆ ಒಂದು ಕಾಗದ ಬರ್ದು ಸಹಿ ಹಾಕು, ಇದು ನಾನು ಹಾಕಿದ ಓಟಲ್ಲ ಅಂತ. ಇಲ್ಲ ಅಂದ್ರೆ ಕೋರ್ಟು. ಒಂದು ತಲೆ ಕಿತ್ತು ಹಾಕಿದ್ರೆ ನಾನೂರ ಹನ್ನೊಂದು. ಠಾಣೆ ಅಡ್ಡಡ್ಡ ಮಲಗತ್ತೆ!"

ಡೆಲ್ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಬಹಳ ಹೊತ್ತು ನೋಡಿದನೆಂದು ಅವಳಿಗೆ ಅನಿಸಿತು. ವರ್ನ್‌ಗೆ ಅದು ಕಂಡೂ ಇರಲಿಕ್ಕಿಲ್ಲ, ಅಷ್ಟು ಚಿಕ್ಕ ನೋಟ. ಅವಳು ಮುಖ ತಿರುಗಿಸಲಿಲ್ಲ. ಹೌದು ಎಂದು ಅವಳ ಮುಖ ಹೇಳಿತು, ಬಾಯಿ ಏನೂ ಹೇಳದಿದ್ದರೂ. ಹೇಳು, ಎಂದಿತು ಮುಖ, ಹೇಳು ಇವಳೇ ಎಂದು. ಅವಳಿಗೆ ಹೆದರಿಕೆಯ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಎದ್ದಿತ್ತು: ಇಗೋ, ಕೊನೆಗೂ ಇವನು ನನ್ನನ್ನು ನೋಡುತ್ತಿದ್ದಾನೆ.

"ನಾನೇ ಹಾಕಿದ್ದು," ಎಂದ ಡೆಲ್.

"ಏನು?"

"ಕಿವಿ ಕೇಳ್ಸಲ್ವಾ? ನಾನೇ ಹಾಕ್ದೆ ಅಂದೆ."

ವರ್ನ್ ಮೆಲ್ಲಗೆ ಕೂತ. "ಇಡೀ ಕಣಿವೆಗೆ ಪಾಠ ಹೇಳಿ..." ಎಂದ. "ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಅಂದ್ರೆ ಇದೇ ನೋಡು. ಮೂರು ದಿನದಿಂದ ನಾವು ಹುಡುಕ್ತಾ ಇದ್ದ ಕತ್ತೆ ನನ್ನೆದುರಿಗೇ ಕೂತು ಪೆನ್ಸಿಲ್ ಹಿಡ್ಕೊಂಡಿದೆ."

"ಬಾಯಿ ಬಿಗಿ ಹಿಡಿ. ಒಲೆ ಮುಂದೆ ನಿಂತೆ, ಕೈ ಬರ್ಲಿಲ್ಲ. ನಾನು ಒಂದ್ಸಲ ಸಹಿ ಹಾಕಿದ ಮೇಲೆ ಅದು ಸಹಿ. ಬೇಡ ಅಂತ ಬರ್ದಿದ್ದೆ, ಬೇಡ ಅಂತ್ಲೇ ಹಾಕ್ದೆ. ಗೆಲ್ಲೋಕೆ ಅಂತ ಬಾಯಿ ಮುಚ್ಕೊಂಡು ಕೂರೋದು ಗಂಡಸ್ತನ ಅಲ್ಲ ಕಣೋ ವರ್ನ್." ಮಾತು ಮೊದಲು ತಡವರಿಸುತ್ತಿತ್ತು, ಬರಬರುತ್ತ ಗಟ್ಟಿಯಾಯಿತು. "ಹಿಮ ಸುರೀತಾ ಇತ್ತು ಆವತ್ತು. ಚಕ್ರಕ್ಕೆ ಸರಪಳಿ ಕೂಡ ಇರ್ಲಿಲ್ಲ. ಸೇತುವೆ ಹತ್ರ ಗಾಡಿ ಜಾರ್ತು. ಆದ್ರೂ ಹೋದೆ."

ಯೀಸ್ಟ್ ತಂದ ಸಂಜೆ ಸರಪಳಿಯ ಬಗ್ಗೆ, ಸೇತುವೆಯ ಬಗ್ಗೆ ಅವನಿಗೆ ಹೇಳಿ ಬೈಸಿಕೊಂಡವಳು ಲೊರೀನ್. ಈಗ ತನ್ನ ಹಿಮ, ತನ್ನ ಸೇತುವೆ, ತನ್ನ ಜಾರಿದ ಚಕ್ರ ಒಂದೊಂದಾಗಿ ಅವನ ಬಾಯಿಗೆ ಹೋಗುವುದನ್ನು ಅವಳು ನಿಂತು ನೋಡಿದಳು. ಇವನು ನನ್ನನ್ನು ಕಾಪಾಡುತ್ತಿದ್ದಾನೆಯೇ? ಕಾಪಾಡುತ್ತಿದ್ದರೆ ಇಷ್ಟು ಸಲೀಸಾಗಿ ಹೇಗೆ? ಹೆಂಡತಿಯ ಕೈಯಲ್ಲಿ ಏಮಾರಿದ ಗಂಡ ಎನಿಸಿಕೊಳ್ಳುವುದಕ್ಕಿಂತ ಕತ್ತೆ ಎನಿಸಿಕೊಳ್ಳುವುದು ಮೇಲು ಎಂದು ಲೆಕ್ಕ ಹಾಕಿದನೇ? ಅಥವಾ ಏಳನೆಯ ಸಾಲು ನೆನಪಾಯಿತೇ? ಆ ಮುಖದಲ್ಲಿ ಮೂರೂ ಇದ್ದ ಹಾಗಿತ್ತು, ಯಾವುದೂ ಇರದ ಹಾಗೂ ಇತ್ತು. ಕಣ್ಣು ತುಂಬಿ ಬಂತು ಅವಳಿಗೆ, ಯಾವುದಕ್ಕೆ ಎಂದು ತಿಳಿಯಲಿಲ್ಲ. ವರ್ನ್ ಎರಡು ಬನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೊರಟ, ಸಂಜೆಯೊಳಗೆ ಇದು ಕಣಿವೆಗೆಲ್ಲ ಗೊತ್ತಾಗುತ್ತದೆ ಎಂಬುದು ಅವನ ನಡಿಗೆಯಲ್ಲೇ ಇತ್ತು. ಪಟ್ಟಿ ಮೇಜಿನ ಮೇಲೆ ಉಳಿಯಿತು. ಡೆಲ್‌ನ ಕೆಳಗಿನ ಸಾಲಿನಲ್ಲಿ ವೀಲಂಡ್, ಲೊರೀನ್ ಎಮ್. ಎಂದು ಇತ್ತು. ಅದನ್ನು ಯಾರೂ ಓದಿರಲಿಲ್ಲ.

"ಡೆಲ್," ಎಂದಳು ಅವಳು ಬಾಗಿಲು ಮುಚ್ಚಿದ ಮೇಲೆ. "ಅದನ್ನ ಹಾಕಿದ್ದು ನಾನು."

ಅವನು ಬನ್ನಿನ ಸುರುಳಿಯನ್ನು ಬಿಡಿಸಿ ಬಿಡಿಸಿ ತಿನ್ನುತ್ತಿದ್ದ. ತಲೆ ಎತ್ತಲಿಲ್ಲ. "ಯಾರು ಹಾಕಿದ್ರೇನು," ಎಂದ. "ಓಟು ನಂದು ತಾನೇ."

"ನಾನು ಯಾಕೆ ಹಾಕ್ದೆ ಅಂತ ಕೇಳಲ್ವಾ?"

"ಆಗಿದ್ದು ಆಯ್ತಲ್ಲ. ಬಿಡು."

ಕೇಳು, ಎಂದು ಕೂಗಬೇಕೆನಿಸಿತು ಅವಳಿಗೆ. ಒಂದೇ ಒಂದು ಸಲ ಕೇಳು. ಅವನು ಸಕ್ಕರೆ ಅಂಟಿದ ಬೆರಳನ್ನು ನೆಕ್ಕಿ, ಟೋಪಿ ತೆಗೆದುಕೊಂಡು ಏಣಿಯ ಕಡೆ ಹೋದ. ಕಿಟಕಿಯಿಂದ ನೋಡಿದರೆ ಎಂದಿನದೇ ಬೆನ್ನು. ಅದರ ಮೇಲೆ ಪ್ರೀತಿ ಬಂತು, ಹಿಂದಿನಿಂದ ಹೋಗಿ ಒಂದು ಗುದ್ದು ಹಾಕಬೇಕು ಎಂದೂ ಬಂತು.

ನಾಲ್ಕು ಗಂಟೆಗೆ ಅವನು ಒಳಗೆ ಬಂದು ಕೈ ಕಾಯಿಸಿಕೊಳ್ಳುತ್ತಿರುವಾಗ ಫೋನ್ ಬಂತು. ಮಾರ್ಜ್ ಕಿಟ್ರೆಲ್. "ಲೊರೀನ್! ಈಗ ತಾನೇ ವರ್ನ್ ಅಂಗಡೀಲಿ ಹೇಳ್ತಾ ಇದ್ದ. ನಿಜವಾ? ಡೆಲ್ಲೇ ಅಂತೆ ಆ ಕೊನೇ ತಲೆ? ಬೇಡ ಅಂತ್ಲೇ ಹಾಕಿದ್ರೂ ಹಾಕಿದ್ನಲ್ಲ ಮಹರಾಯ! ನಾವೆಲ್ಲ ಅವನನ್ನ ಎಷ್ಟು ಬೈಕೊಂಡಿದ್ವಿ. ಠಾಣೆ ಬಾಗಿಲು ತೆಗೆಯೋ ದಿನ ರಿಬ್ಬನ್ ಅವನ ಕೈಲೇ ಕತ್ತರಿಸೋಣ ಅಂತ ಹುಡುಗರು ಹೇಳ್ತಿದಾರೆ, ತಮಾಷೆಗಲ್ಲ ಕಣೇ. ಅವನಿಗೆ ಕೊಡು ಫೋನು, ನಾನೇ ಥ್ಯಾಂಕ್ಸ್ ಹೇಳ್ಬೇಕು."

"ಕೊಟ್ಟೆ," ಎಂದಳು ಲೊರೀನ್. ಅವಳು ಗೋಡೆಯ ಫೋನಿನ ಸುರುಳಿ ತಂತಿಯನ್ನು ಮೇಜಿನವರೆಗೆ ಎಳೆದು ಗಂಡನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತಳು. ಮಾರ್ಜ್‌ಳ ದನಿ ಹೊರಗೂ ಕೇಳುತ್ತಿತ್ತು, ಇವಳ ದನಿ ಆ ಕಡೆಗೂ ಅಷ್ಟೇ ಚೆನ್ನಾಗಿ ಕೇಳುತ್ತಿತ್ತು. ಶುಕ್ರವಾರಕ್ಕೆ ಇನ್ನೂ ಮೂರು ದಿನ.

"ಅದರಲ್ಲೇನಿದೆ ಮಾರ್ಜ್," ಎಂದು ಹೇಳುತ್ತಿದ್ದ ಡೆಲ್. ಅವನ ಮುಖದ ಮೇಲೆ ನಾಚಿಕೆಯ ಒಂದು ನಗು, ಲೊರೀನ್ ಮದುವೆಯ ದಿನ ನೋಡಿದ್ದು, ಆಮೇಲೆ ನೋಡಿರದಿದ್ದದ್ದು. "ಒಬ್ಬ ಮನುಷ್ಯ ಮಾಡ್ಬೇಕಾದ್ದನ್ನ ಮಾಡ್ದೆ, ಅಷ್ಟೇ. ಹೌದೌದು, ಹಿಮ ಜೋರಾಗೇ ಇತ್ತು."

ಲೊರೀನ್ ಬಾಯಿ ತೆರೆದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಐದೇ ಅಕ್ಷರ, ಹಾಕಿದ್ದು ನಾನು. ಆಡಿದರೆ ನಾನೂರ ಹನ್ನೊಂದು. ಅವಳು ಬಾಯಿ ಮುಚ್ಚಿಕೊಂಡಳು.